ಆ ಕಪ್ಪು ಬಣ್ಣ ಪ್ರೈಮರ್ರೇನಾ?

ಗುಂಪು: ಡಿಪ್ಲೊಮಾ ಆಟೋಮೊಬೈಲ್ ಬ್ಯಾಚ್

ಮಂಜು: (ಫಾರ್ವರ್ಡ್ ವಿಡಿಯೊ: ಹೊಸ ಫೆಂಡರ್ ಅಂದ್ರೆ ಚಕ್ರದ ಮೇಲಿನ ತಗಡು, ಬಂಪರ್‌ಗೆ ನೇರ ಪೇಂಟ್, ಅಡಿಪದರದ ಪ್ರೈಮರ್ ದುಡ್ಡು ಉಳಿಸಿ)
ಸರಿಯಾಗೇ ಹೇಳ್ತಿದಾನಲ್ವಾ? ಕಪ್ಪು ಪ್ರೈಮರ್ ಹೊಡೆದೇ ಕಳಿಸಿರ್ತಾರೆ.

ಫಾರೂಕ್: ಯಾರು ಕಳಿಸಿದ್ದು ಮಗಾ? ಒರಿಜಿನಲ್ ಆದ್ರೆ ಇ-ಕೋಟ್, ಅಂದ್ರೆ ಕರೆಂಟ್ ಹಾಯಿಸಿ ಕೂರಿಸಿದ ಗಟ್ಟಿ ಪ್ರೈಮರ್ ಇರುತ್ತೆ. ಲೋಕಲ್ ಫೆಂಡರ್ ಮೇಲೆ ಎಷ್ಟೋ ಸಲ ಸಾಗಿಸುವಾಗ ತುಕ್ಕು ಹಿಡಿಯದಿರಲಿ ಅಂತ ಹೊಡೆದ ಬರೀ ಕಪ್ಪು ಬಣ್ಣ.

ಮಂಜು: ಎರಡೂ ಒಂದೇ ತರ ಕಾಣುತ್ತಲ್ಲೋ.

ಫಾರೂಕ್: ಬಿಳಿ ಬಟ್ಟೆಗೆ ಎನ್‌ಸಿ (ನೈಟ್ರೊಸೆಲ್ಯುಲೋಸ್ ಬಣ್ಣದ) ಥಿನ್ನರ್ ಹಾಕ್ಕೊಂಡು ಒಳಮಗ್ಗುಲಲ್ಲಿ ಅರ್ಧ ನಿಮಿಷ ಉಜ್ಜು. ಬಣ್ಣ ಅಂಟಂಟಾಗಿ ಬಟ್ಟೆಗೆ ಬಂತೋ, ತಗಡು ಕಾಣೋವರೆಗೆ ತೆಗೆದು, ತಗಡಿಗೆ ಕಚ್ಚಿ ತುಕ್ಕು ತಡೆಯೋ ಎಪಾಕ್ಸಿ ಪ್ರೈಮರ್ ಹೊಡೀಬೇಕು. ಇಲ್ಲಾಂದ್ರೆ ಮೇಲಿನ ಪೇಂಟಿನ ಥಿನ್ನರ್ ಅದರೊಳಗೆ ಇಳಿದು ಸುಕ್ಕುಗಟ್ಟುತ್ತೆ. ಅಲ್ಲಾಡದಿದ್ರೆ ಇ-ಕೋಟ್. ಅದನ್ನ ಕೀಳಬೇಡ, 320 ಇಲ್ಲಾಂದ್ರೆ 400 ನಂಬರ್ ಸ್ಯಾಂಡ್‌ಪೇಪರಲ್ಲಿ ಹೊಳಪು ಹೋಗೋವರೆಗೆ ತಿಕ್ಕಿ 2ಕೆ (ಹಾರ್ಡ್‌ನರ್ ಬೆರೆಸೋ) ಪ್ರೈಮರ್ ಹೊಡಿ.

ಸುಜಾತ: ಈ ಟೆಸ್ಟ್ ಬಂಪರ್‌ಗೆ ಬೇಡ ಮಂಜು. ಆ ವಿಡಿಯೊದ ಬಂಪರ್ ಮೇಲೆ ಏನೂ ಹೊಡೆದಿಲ್ಲ, ಪ್ಲಾಸ್ಟಿಕ್ಕೇ ಕಪ್ಪು. ಒಳಗಡೆ ಪಿಪಿ+ಇಪಿಡಿಎಂ ಅಂತ ಅಚ್ಚು ಇರುತ್ತೆ ನೋಡು, ಪಾಲಿಪ್ರೊಪಿಲೀನ್ ಜೊತೆ ರಬ್ಬರ್ ಅಂತ. ಅದು ಥಿನ್ನರ್ ಕುಡಿದು ಉಬ್ಬುತ್ತೆ. ಬಣ್ಣ ಹಿಡಿಸೋಕೆ ಮೊದಲು ಹೊಡೆಯೋ ಅಡ್ಹೀಶನ್ ಪ್ರಮೋಟರ್ ಇಲ್ಲದೆ ಬಣ್ಣ ಅದಕ್ಕೆ ಕಚ್ಚೋದೂ ಇಲ್ಲ, ಪ್ರೆಶರ್ ವಾಶ್‌ಗೆ ಸಿಪ್ಪೆ ಸುಲಿದಂಗೆ ಎದ್ದು ಬರುತ್ತೆ.

ಶಿವು: ಅಚ್ಚು ಇಲ್ದಿದ್ರೆ ಒಂದು ಚೂರು ಕೆತ್ತಿ ನೀರಿಗೆ ಹಾಕು. ತೇಲಿದ್ರೆ ಪಿಪಿ, ಮುಳುಗಿದ್ರೆ ಎಬಿಎಸ್, ಪ್ರಮೋಟರ್ ಬೇಡದ ಪ್ಲಾಸ್ಟಿಕ್.

ಸುಜಾತ: ತೇಲಿದ್ರೆ ಸರಿ. ಮುಳುಗಿದ್ರೆ ಏನೂ ಹೇಳಕ್ಕಾಗಲ್ಲ ಶಿವು. ಕೆಲವು ಬಂಪರ್ ಅಚ್ಚಲ್ಲಿ ಟಿಡಿ20 ಅಂತಿರುತ್ತೆ, ಅಂದ್ರೆ 20% ಟಾಲ್ಕ್ (ಕಲ್ಲಿನ ಪುಡಿ) ಬೆರೆಸಿದ್ದು; ಅಂಥ ಪಿಪಿ ನೀರಿಗಿಂತ ಭಾರ. ಎಬಿಎಸ್ ಅಂದ್ಕೊಂಡು ಪ್ರಮೋಟರ್ ಬಿಟ್ರೆ ಕೆಲಸ ಕೆಟ್ಟಂಗೇ.

ಶಿವು: ಪ್ರಮೋಟರ್ ಹೊಡೆದಿದ್ದೂ ಎದ್ದು ಬರುತ್ತಲ್ಲ, ಅದಕ್ಕೇನಂತೀಯಾ?

ಸುಜಾತ: ತೊಳೆಯೋ ಮೊದಲೇ ಪೇಪರ್ ಹಾಕಿರ್ತಾರೆ. ಮೋಲ್ಡಿಂದ ಬಿಡಿಸೋಕೆ ಹಾಕಿದ ರಿಲೀಸ್ ಏಜೆಂಟ್ ಗೀರುಗಳೊಳಗೆ ಹೋಗಿ ಕೂತ್ಕೊಳ್ಳುತ್ತೆ. ಮೊದಲು ಬಿಸಿನೀರು, ಸೋಪು. ಆಮೇಲೆ ಪ್ಲಾಸ್ಟಿಕ್ ಕ್ಲೀನರ್: ಒಂದು ಬಟ್ಟೇಲಿ ಹಚ್ಚು, ಆರೋ ಮೊದಲೇ ಇನ್ನೊಂದು ಒಣಬಟ್ಟೇಲಿ ಒರೆಸು. ಆರಲು ಬಿಟ್ರೆ ಜಿಡ್ಡು ಅಲ್ಲೇ ಉಳಿಯುತ್ತೆ. ಆಮೇಲೆ ಬೂದು ಸ್ಕಾಚ್‌ಬ್ರೈಟಲ್ಲಿ ತಿಕ್ಕು, ಗ್ರಿಲ್ ಸಂದಿ ಬಿಡದೆ. ಇನ್ನೊಮ್ಮೆ ಕ್ಲೀನರ್. ಪ್ರಮೋಟರ್ ತೆಳ್ಳಗೆ ಒಂದೇ ಕೋಟ್. ದಪ್ಪ ಆದ್ರೆ ಆ ಪದರವೇ ಮೆತ್ತಗೆ ಉಳಿದು ಸೀಳುತ್ತೆ. ಡಬ್ಬಿ ಮೇಲೆ ಬರೆದ ಟೈಮೊಳಗೆ ಪ್ರೈಮರ್ ಬೀಳಬೇಕು, ಬಾಗಿದ್ರೂ ಒಡೆಯದಂಗೆ ಮಾಡೋ ಫ್ಲೆಕ್ಸ್ ಅಡಿಟಿವ್ ಸೇರಿಸಿ.

ಫಾರೂಕ್: ಇದಕ್ಕೆಲ್ಲ ಮೊದಲು ಗಾಡಿಗೆ ಕೂರಿಸಿ ನೋಡ್ರಪ್ಪ. ಹೆಡ್‌ಲೈಟ್ ಗ್ಯಾಪು, ಬೋಲ್ಟ್ ತೂತು ಸೇರದಿದ್ರೆ ವಾಪಸ್ ಕೊಡಬಹುದು. ಪೇಪರ್ ತಾಗಿದ ಮೇಲೆ ಅಂಗಡಿಯವನು ಮುಟ್ಟಲ್ಲ.

ಮಂಜು: ಆಯ್ತು, ಬಂಪರ್ ಬಿಡಿ. ಫೆಂಡರ್‌ಗಾದ್ರೂ ಪ್ರೈಮರ್ ತಿಕ್ಕೋ ಕೆಲಸ ಉಳಿಸಬಹುದಾ?

ಫಾರೂಕ್: ಗಟ್ಟಿ ಇ-ಕೋಟ್ ಇದ್ದು, ಗೀರು, ಡೆಂಟ್ ಇಲ್ದಿದ್ರೆ ಉಳಿಸಬಹುದು. ತಿಕ್ಕಿ, ಒರೆಸಿ, ವೆಟ್-ಆನ್-ವೆಟ್ ಸೀಲರ್ (ತಿಕ್ಕಬೇಕಿಲ್ಲದ ಪ್ರೈಮರ್) ಹೊಡೆದು ಅದರ ಮೇಲೇ ಬೇಸ್ ಕೋಟ್, ಅಂದ್ರೆ ಬಣ್ಣದ ಪದರ. ಅಂಚಲ್ಲಿ ತಗಡು ಕಂಡ್ರೆ ಅಲ್ಲಿಗೆ ಎಪಾಕ್ಸಿ. ವಿಡಿಯೊದವನು ಅಷ್ಟೂ ಮಾಡಿಲ್ಲ, ನಿಲ್ಲಿಸಿ ನೋಡು: ವೀಲ್ ಆರ್ಚ್ ಮಡಿಕೇಲಿ ಹೊಳಪು ಹಾಗೇ ಇದೆ, ತಿಕ್ಕೇ ಇಲ್ಲ.