ವಸಂತದಲ್ಲಿ ಹಿಮದ ಶಿಖರ: ಎಷ್ಟು ಹೊತ್ತಿಗೆ ಹೊರಡಬೇಕು, ಮೈಕ್ರೋಸ್ಪೈಕ್ ಸಾಕೇ?

ಪ್ರಶ್ನೆ

ಬೇಸಿಗೆಯಲ್ಲಿ ಬಂಡೆಯ ಏಣುಗಳನ್ನು (ಬೆಟ್ಟದ ಚೂಪಾದ ಬೆನ್ನು) ಕೈಕಾಲು ಊರಿ ಹತ್ತುವ ಅಭ್ಯಾಸವಿದೆ, ಹಿಮ ಹೊಸದು. ನೋಡಿಟ್ಟಿರುವ ದಾರಿಯಲ್ಲಿ ಮೊದಲು ಪೂರ್ವಕ್ಕೆ ಮುಖಮಾಡಿದ 300 ಮೀಟರ್ ಎತ್ತರದ ಹಿಮದ ಇಳಿಜಾರು ಸಿಗುತ್ತದೆ, ಕಡಿದಾದ ಕಡೆ 35 ಡಿಗ್ರಿ. ಅದರ ಮೇಲೆ ಬಂಡೆ, ಹಿಮ ಬೆರೆತ ಏಣು, ಆಮೇಲೆ ತುದಿ. ಇಳಿಯುವುದೂ ಅದೇ ದಾರಿ. ಮೈಕ್ರೋಸ್ಪೈಕ್ (ಬೂಟಿನ ಮೇಲೆ ರಬ್ಬರ್ ಪಟ್ಟಿಯಿಂದ ಎಳೆದು ಹಾಕುವ ಹಲ್ಲುಗಳು), ಟ್ರೆಕ್ಕಿಂಗ್ ಕೋಲು ಇವೆ. ಇಷ್ಟು ಸಾಕೇ? ಬೆಳಿಗ್ಗೆ ಏಳಕ್ಕೆ ಇಳಿಜಾರಿನ ಬುಡದಲ್ಲಿದ್ದರೆ ತಡವಾಗುತ್ತದೆಯೇ?

ಉತ್ತರ 1

ತಡವಾಗುತ್ತದೆ. ಪೂರ್ವದ ಇಳಿಜಾರಿಗೆ ಮೊದಲ ಬಿಸಿಲೇ ಬೀಳುತ್ತದೆ. ನೀವು ತುದಿಯಲ್ಲಿರುವಾಗ ಕೆಳಗಿನ ಹಿಮ ನೀರು ಕುಡಿದು ಸಡಿಲವಾಗಿರುತ್ತದೆ. ಹಿಮಕುಸಿತ ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ, ನಿಮ್ಮದು ಸರಿಯಾಗಿ ಅದರೊಳಗೇ ಇದೆ.

ವಾಪಸ್ ಬುಡ ಮುಟ್ಟಬೇಕಾದ ಹೊತ್ತನ್ನು ಮೊದಲು ಗೊತ್ತುಮಾಡಿ, ಹಿಂದಕ್ಕೆ ಎಣಿಸಿ. ಅದು 9:30 ಎಂದಿಟ್ಟುಕೊಂಡರೆ, ಇಳಿಯಲು 45 ನಿಮಿಷ, ಏಣಿನಲ್ಲಿ ಹೋಗಿಬರಲು ಎರಡು ಗಂಟೆ, ಹತ್ತಲು ಒಂದೂವರೆ ಗಂಟೆ: 5:15 ಆಯಿತು. ಅರ್ಧ ಗಂಟೆ ಕೈಯಲ್ಲಿಟ್ಟುಕೊಂಡರೆ 4:45ಕ್ಕೆ ಬುಡದಲ್ಲಿರಬೇಕು. ತಲೆದೀಪ ಬೇಕೇ ಬೇಕು.

ಆದರೆ ಗಡಿಯಾರಕ್ಕಿಂತ ಹಿಂದಿನ ರಾತ್ರಿ ಮುಖ್ಯ. ಆಕಾಶ ನಿಚ್ಚಳವಾಗಿದ್ದರೆ ಹಿಮದ ಮೇಲ್ಮೈ ತನ್ನ ಶಾಖವನ್ನೆಲ್ಲ ಮೇಲಕ್ಕೆ ಬಿಟ್ಟು, ಗಾಳಿಯ ಉಷ್ಣಾಂಶ ಸೊನ್ನೆಗಿಂತ ತುಸು ಮೇಲಿದ್ದರೂ ಹೆಪ್ಪುಗಟ್ಟುತ್ತದೆ. ಮೋಡ ಮುಚ್ಚಿದ್ದರೆ ಅಷ್ಟು ಚೆನ್ನಾಗಿ ಗಟ್ಟಿಯಾಗುವುದಿಲ್ಲ. ಮುನ್ಸೂಚನೆಯಲ್ಲಿ ಕನಿಷ್ಠ ಉಷ್ಣಾಂಶದ ಜೊತೆ ರಾತ್ರಿಯ ಮೋಡವನ್ನೂ ನೋಡಿ. ಬುಡದಲ್ಲಿ ನಿಂತಾಗ ಮೇಲಿನ ತೆಳು ಪದರ ಒಡೆದು ಬೂಟು ಹರಡಿನವರೆಗೆ ಹೂತರೆ ಆ ದಿನ ಬೇಡ. ದಾರಿಯಲ್ಲಿ ಹಿಮದ ಉಂಡೆಗಳು ತಾವಾಗಿ ಉರುಳತೊಡಗಿದರೂ ಅಷ್ಟೇ, ಅವು ಮೊದಲ ಎಚ್ಚರಿಕೆ. ಆ ಪ್ರದೇಶಕ್ಕೆ ಹಿಮಕುಸಿತದ ಮುನ್ಸೂಚನೆ ಪ್ರಕಟವಾಗುತ್ತಿದ್ದರೆ ಅದನ್ನು ಓದದೆ ಹೊರಡಬೇಡಿ.

ಉತ್ತರ 2

ಮೇಲಿನ ಮಾತಿಗೆ ಅಂಟಿಕೊಂಡೇ ಇನ್ನೊಂದು ವಿಷಯವಿದೆ. ಹಿಮ ಕುಸಿಯದೆ ನಿಲ್ಲುವ ಹೊತ್ತೇ ಅದು ಕಲ್ಲಿನಂತೆ ಗಟ್ಟಿಯಾಗಿರುವ ಹೊತ್ತು. ಆಗ 35 ಡಿಗ್ರಿಯಲ್ಲಿ ಜಾರಿದರೆ ಎರಡೇ ಕ್ಷಣದಲ್ಲಿ ವೇಗ ಕೈಮೀರುತ್ತದೆ, ಕೋಲಿನಿಂದ ನಿಲ್ಲಿಸಲಾಗದು. ಆದ್ದರಿಂದ ಮೈಕ್ರೋಸ್ಪೈಕ್ ಸಾಲದು. ಅದರ ಹಲ್ಲು ಗಿಡ್ಡ, ಮುಂದಕ್ಕೆ ಚಾಚಿದ ಹಲ್ಲಿಲ್ಲ, ಅಡ್ಡ ನಡೆಯುವಾಗ ರಬ್ಬರ್ ಎಳೆದು ಅಡಿಯಿಂದ ಪಕ್ಕಕ್ಕೆ ಸರಿಯುತ್ತದೆ.

10 ಅಥವಾ 12 ಹಲ್ಲಿನ ಉಕ್ಕಿನ ಕ್ರ್ಯಾಂಪಾನ್ (ಬೂಟಿನ ಅಡಿಗೆ ಕಟ್ಟುವ ಉದ್ದ ಹಲ್ಲಿನ ಚೌಕಟ್ಟು) ತೆಗೆದುಕೊಳ್ಳಿ. ಅಲ್ಯೂಮಿನಿಯಂ ಹಗುರ, ನಿಜ. ಆದರೆ ನಿಮ್ಮ ಏಣಿನಲ್ಲಿ ಬಂಡೆ ತಾಗಿ ಬೇಗ ಮೊಂಡಾಗುತ್ತದೆ. ಅಡಿ ಬಗ್ಗದಷ್ಟು ಬಿರುಸಾದ ಬೂಟು ಬೇಕು, ಮೆತ್ತಗಿನ ಬೂಟಿನಿಂದ ಕ್ರ್ಯಾಂಪಾನ್ ಕಳಚಿಕೊಳ್ಳುತ್ತದೆ. ಹಿಮ ಅಂಟಿ ಉಂಡೆಯಾಗದಂತೆ ತಡೆಯುವ ತಟ್ಟೆ ಅಡಿಯಲ್ಲಿದೆಯೇ ನೋಡಿ. ಬಿಸಿಲೇರಿದ ಮೇಲೆ ಅದೂ ಸೋಲುತ್ತದೆ, ಆಗ ಬೂಟಿನ ಪಕ್ಕಕ್ಕೆ ಐಸ್ ಆಕ್ಸಿನಿಂದ (ಹಿಮದಲ್ಲಿ ಊರಿಕೊಳ್ಳುವ ಚೂಪುಮೂತಿಯ ಕೊಡಲಿ) ತಟ್ಟಿ ಉದುರಿಸುತ್ತಿರಿ. ಕಡಿದಾದ ಇಳಿಜಾರು ಶುರುವಾಗುವ ಮೊದಲೇ, ಸಮತಟ್ಟಿನಲ್ಲಿ ಕ್ರ್ಯಾಂಪಾನ್ ಕಟ್ಟಿಕೊಳ್ಳಿ.

ಐಸ್ ಆಕ್ಸ್ ಯಾವಾಗಲೂ ಮೇಲ್ಬದಿಯ ಕೈಯಲ್ಲಿ. ಜಾರಿದರೆ ಒಂದು ಕೈ ಆಕ್ಸಿನ ತಲೆಯ ಮೇಲೆ, ಇನ್ನೊಂದು ಹಿಡಿಕೆಯ ಕೆಳತುದಿಯಲ್ಲಿ. ಬೋರಲಾಗಿ ಮಲಗಿ ಚೂಪುಮೂತಿಯನ್ನು ಭುಜದ ಪಕ್ಕದಲ್ಲಿ ಹಿಮಕ್ಕೊತ್ತಿ, ಎದೆಯ ಭಾರವೆಲ್ಲ ಅದರ ಮೇಲೆ ಬಿಡಿ. ಮೊಣಕಾಲು ಊರಿ, ಪಾದ ಮೇಲೆತ್ತಿ. ಕ್ರ್ಯಾಂಪಾನ್ ಹಲ್ಲು ಸಿಕ್ಕಿಕೊಂಡರೆ ಕಾಲು ಮುರಿಯುತ್ತದೆ ಅಥವಾ ದೇಹ ಮಗುಚುತ್ತದೆ. ಇದು ಓದಿ ಬರುವ ವಿದ್ಯೆಯಲ್ಲ. ಬಲ್ಲವರ ಜೊತೆ, ಕೆಳಗೆ ಬಂಡೆಯಿಲ್ಲದೆ ತಾನಾಗಿ ಸಮತಟ್ಟಾಗುವ ಗಿಡ್ಡ ಇಳಿಜಾರಿನಲ್ಲಿ, ಕ್ರ್ಯಾಂಪಾನ್ ಬಿಚ್ಚಿಟ್ಟು, ತಲೆ ಕೆಳಗಾಗಿ ಬಿದ್ದಾಗಲೂ ಕೈ ತಾನಾಗಿ ಆಡುವವರೆಗೆ ಅಭ್ಯಾಸ ಮಾಡಿ.

ಉತ್ತರ 3

ಏಣಿನ ಬಗ್ಗೆ ಯಾರೂ ಹೇಳಲಿಲ್ಲ. ಗಾಳಿಯ ಮರೆಯ ಬದಿಗೆ ಹಿಮ ಸೂರಿನಂತೆ ಹೊರಚಾಚಿರುತ್ತದೆ. ಮೇಲೆ ನಿಂತವರಿಗೆ ಅದು ನೆಲದಂತೆಯೇ ಕಾಣುತ್ತದೆ, ಮುರಿದಾಗ ಅಂಚಿನಿಂದ ಎಷ್ಟೋ ಹಿಂದಿನಿಂದಲೇ ಮುರಿಯುತ್ತದೆ. ಬಂಡೆ ಕಾಣುವ ಬದಿಯಲ್ಲೇ ನಡೆಯಿರಿ. ಹಳೆಯ ಹೆಜ್ಜೆಗುರುತು ಅಂಚಿನಲ್ಲಿದ್ದರೆ ನಂಬಬೇಡಿ.

ಬಂಡೆಗೆ ತಾಗಿದ ಹಿಮವೂ ಮೋಸ. ಬಿಸಿಯಾದ ಕಲ್ಲು ಸುತ್ತಲಿನ ಹಿಮವನ್ನು ಒಳಗಿನಿಂದ ಕರಗಿಸಿ ಪೊಳ್ಳು ಮಾಡಿರುತ್ತದೆ. ಹಿಮದಿಂದ ಬಂಡೆಗೆ ದಾಟುವ ಕಡೆ ಮೊದಲು ಆಕ್ಸ್ ಚುಚ್ಚಿ ನೋಡಿ, ಆಮೇಲೆ ಉದ್ದ ಹೆಜ್ಜೆ ಹಾಕಿ. ಬಿರುಕಿನ ಮಂಜುಗಡ್ಡೆ ಕರಗಿದಾಗ ಅದು ಹಿಡಿದಿಟ್ಟ ಕಲ್ಲುಗಳು ಬೀಳುತ್ತವೆ, ಹೆಲ್ಮೆಟ್ ಹಾಕಿ. ಕಪ್ಪು ಕನ್ನಡಕ ಮರೆಯಬೇಡಿ. ಹಿಮದ ಕುರುಡು ಬಿಸಿಲಲ್ಲಿದ್ದಾಗ ತಿಳಿಯುವುದಿಲ್ಲ, ಕೆಲವು ಗಂಟೆಗಳ ನಂತರ ಕಣ್ಣಿಗೆ ಮರಳು ಹಾಕಿದಂತೆ ಉರಿಯುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಇಳಿಯುವಾಗ ಕುಳಿತು ಜಾರಿಕೊಂಡು ಬರಬಹುದೇ?

ಉತ್ತರ 2

ಇಳಿಜಾರಿನ ಕೊನೆ ಪೂರ್ತಿ ಕಣ್ಣಿಗೆ ಕಾಣಬೇಕು, ಹಿಮ ಒಂದು ಬೆರಳಿನ ಆಳದಷ್ಟು ಮೆತ್ತಗಾಗಿರಬೇಕು, ಕ್ರ್ಯಾಂಪಾನ್ ಬಿಚ್ಚಿ ಚೀಲಕ್ಕೆ ಕಟ್ಟಿರಬೇಕು, ಆಕ್ಸ್ ಕೈಯಲ್ಲಿರಬೇಕು. ಒಂದು ತಪ್ಪಿದರೂ ಬೇಡ. ಗಟ್ಟಿ ಹಿಮದಲ್ಲಿ ಇಳಿಜಾರಿಗೆ ಮುಖಮಾಡಿ, ಮುಂದಿನ ಹಲ್ಲುಗಳನ್ನು ಒದ್ದು ಊರುತ್ತಾ, ಒಂದೊಂದೇ ಹೆಜ್ಜೆ ಹಿಂದಕ್ಕೆ ಇಳಿಯಿರಿ. ಅದಕ್ಕೆ 45 ನಿಮಿಷ ಸಾಲದಿದ್ದರೆ ಹೊರಡುವ ಹೊತ್ತನ್ನು ಇನ್ನೂ ಹಿಂದಕ್ಕೆ ತನ್ನಿ.