ಸ್ವಿಫ್ಟ್ ಡೀಸೆಲ್‌ಗೆ ಸೆಕೆಂಡ್ ಹ್ಯಾಂಡ್ ಟರ್ಬೊ: ಅಂಗಡಿಯಲ್ಲಿ ಏನೇನು ನೋಡಬೇಕು?

ಕಾಫಿತೋಟ:

ಎಲ್ಲರಿಗೂ ನಮಸ್ಕಾರ. ನನ್ನದು 2010ರ ಸ್ವಿಫ್ಟ್ ವಿಡಿಐ, 1.3 ಲೀಟರ್ ಡಿಡಿಐಎಸ್ ಎಂಜಿನ್. ಊರು ಸಕಲೇಶಪುರ. ಸ್ವಲ್ಪ ದಿನದಿಂದ ಶಿರಾಡಿ ಘಾಟಿ ಹತ್ತುವಾಗ ಪಿಕಪ್ಪೇ ಇಲ್ಲ. ಮೊದಲು ಸೀಟಿ ಸದ್ದು ಜಾಸ್ತಿಯಾಯಿತು, ಈಗ ನೀಲಿ ಹೊಗೆಯೂ ಬರುತ್ತಿದೆ. ಮೆಕ್ಯಾನಿಕ್ ಗಾಳಿ ಪೈಪ್ ಬಿಚ್ಚಿ ತೋರಿಸಿದರು. ಎಂಜಿನ್‌ಗೆ ಗಾಳಿ ತುಂಬುವ ಟರ್ಬೊದ ಫ್ಯಾನ್ ಅದರ ಹೌಸಿಂಗ್‌ಗೆ (ಹೊರಕವಚಕ್ಕೆ) ಉಜ್ಜಿದೆ, ಶಾಫ್ಟ್ ಅಲ್ಲಾಡುತ್ತಿದೆ. ಟರ್ಬೊ ಹೋಗಿದೆ ಅನ್ನುವುದರಲ್ಲಿ ಅನುಮಾನ ಇಲ್ಲ.

ಹೊಸದಕ್ಕೆ ಅವರು ಹೇಳಿದ ರೇಟು ಈ ವಯಸ್ಸಿನ ಗಾಡಿಗೆ ಜಾಸ್ತಿ ಅನ್ನಿಸಿತು. ಬೆಂಗಳೂರಿನ ಶಿವಾಜಿನಗರದಲ್ಲಿ ಹಳೇದು ಹೊಸದರ ಮೂರನೇ ಒಂದು ಭಾಗಕ್ಕೆ ಸಿಗುತ್ತದೆ ಅಂತ ಫೋನಿನಲ್ಲಿ ಹೇಳಿದ್ದಾರೆ. ಶನಿವಾರ ಹೋಗುವ ಯೋಚನೆ. ಮೆಕ್ಯಾನಿಕ್ ಜೊತೆಗೆ ಬರಲು ಆಗುವುದಿಲ್ಲ. ಕೈಯಲ್ಲಿ ಹಿಡಿದು ನೋಡಿದಾಗ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಅಂತ ಗೊತ್ತುಮಾಡಿಕೊಳ್ಳುವುದು ಹೇಗೆ? ತಿಳಿದವರು ಹೇಳಿ.

ಹೈವೇ ಹುಡುಗ:

ಬ್ರೋ, ಸಿಂಪಲ್. ಫ್ಯಾನ್ ಬೆರಳಿನಿಂದ ತಿರುಗಿಸಿ ನೋಡಿ. ಫ್ರೀಯಾಗಿ ತಿರುಗಿದರೆ ತಗೊಳ್ಳಿ, ಶಾಫ್ಟ್ ಸ್ವಲ್ಪವೂ ಅಲ್ಲಾಡಬಾರದು. ನಮ್ಮ ಇಂಡಿಕಾಗೆ ಹಾಗೇ ತಂದು ಹಾಕಿಸಿದ್ವಿ.

ಶಿವಮೊಗ್ಗ ಡೀಸೆಲ್:

ಕಾಫಿತೋಟ ಅವರೇ, ನಾನು ಶಿವಮೊಗ್ಗದಲ್ಲಿ ಡೀಸೆಲ್ ಗಾಡಿಗಳ ಕೆಲಸ ಮಾಡುತ್ತೇನೆ. ಟರ್ಬೊ ಬಿಚ್ಚಿ ಕೋರ್ (ಶಾಫ್ಟ್, ಬೇರಿಂಗ್, ಫ್ಯಾನ್ ಇರುವ ನಡುವಿನ ಭಾಗ) ಬದಲಿಸುವುದು ನನ್ನ ದಿನದ ಕೆಲಸ. ಬೆರಳಿನಿಂದ ತಿರುಗಿಸಿ ನೋಡುವುದು ಸಾಲದು, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಪಾರ್ಟ್ ನಂಬರ್. ನಿಮ್ಮ ಟರ್ಬೊ ಬಿಚ್ಚಿಸಿ, ಹೌಸಿಂಗ್ ಮೇಲಿರುವ ಚಿಕ್ಕ ತಗಡಿನ ಫೋಟೊ ತೆಗೆದುಕೊಳ್ಳಿ. ಆದರೆ ಟರ್ಬೊವನ್ನೇ ಜೊತೆಗೆ ಒಯ್ಯುವುದು ಇನ್ನೂ ಒಳ್ಳೆಯದು. ಇದೇ 1.3 ಎಂಜಿನ್ ಫಿಯೆಟ್, ಟಾಟಾ, ಮಾರುತಿ ಮೂರರಲ್ಲೂ ಇತ್ತು. 75 ಅಶ್ವಶಕ್ತಿಯದಕ್ಕೆ ಸಾದಾ ಟರ್ಬೊ, 90 ಅಶ್ವಶಕ್ತಿಯದಕ್ಕೆ ವಿಜಿಟಿ, ಅಂದರೆ ಒಳಗಿನ ರೆಕ್ಕೆಗಳು ಓರೆ ಬದಲಿಸುವ ಟರ್ಬೊ. ನಿಮ್ಮದು ಸಾದಾ. ಅಂಗಡಿಯಲ್ಲಿ 'ಎಲ್ಲಾ ಒಂದೇ ಸಾರ್, ಕೂರುತ್ತೆ' ಅನ್ನುತ್ತಾರೆ. ಬೋಲ್ಟ್ ಕೂತ ಮಾತ್ರಕ್ಕೆ ಅದು ನಿಮ್ಮ ಎಂಜಿನ್ನಿನ ಟರ್ಬೊ ಆಗುವುದಿಲ್ಲ. ತಗಡಿನ ರಿವೆಟ್ಟುಗಳನ್ನೂ ನೋಡಿ. ಬೇರೆಯದರ ತಗಡು ತೆಗೆದು ಅಂಟಿಸಿದ್ದರೆ ಅಲ್ಲಿಯೇ ಗೊತ್ತಾಗುತ್ತದೆ.

ಈಗ ಶಾಫ್ಟ್. 'ಸ್ವಲ್ಪವೂ ಅಲ್ಲಾಡಬಾರದು' ಅನ್ನುವುದು ಅರ್ಧ ಮಾತ್ರ ಸರಿ. ಇದರ ಬೇರಿಂಗ್‌ನಲ್ಲಿ ಗುಂಡುಗಳಿಲ್ಲ. ಶಾಫ್ಟ್ ಆಯಿಲ್ ಪದರದ ಮೇಲೆ ತೇಲುತ್ತಾ ತಿರುಗುತ್ತದೆ. ಇಷ್ಟು ಚಿಕ್ಕ ಟರ್ಬೊ ನಿಮಿಷಕ್ಕೆ 2 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲದು, ಆಯಿಲ್ ಪದರಕ್ಕೆ ಜಾಗ ಬೇಕೇ ಬೇಕು. ಅದಕ್ಕೇ ಮೇಲೆ ಕೆಳಗೆ ಒತ್ತಿದರೆ ತುಸು ಅಲ್ಲಾಡುತ್ತದೆ, ಒಳಗೆ ಆಯಿಲ್ ಒಣಗಿದ್ದರೆ ಇನ್ನೂ ಜಾಸ್ತಿ. ಆಯಿಲ್ ಒಳಹೋಗುವ ತೂತಿಗೆ ಒಂದಿಷ್ಟು ಎಂಜಿನ್ ಆಯಿಲ್ ಬಿಟ್ಟು, ತಿರುಗಿಸಿ, ಆಮೇಲೆ ನೋಡಿ. ಒಂದು ಕಡೆಗೆ ಒತ್ತಿ ಹಿಡಿದು ತಿರುಗಿಸಿದಾಗಲೂ ಫ್ಯಾನ್ ಹೌಸಿಂಗ್‌ಗೆ ತಾಗಬಾರದು. ಎಲ್ಲ ಕಡೆಗೂ ಒತ್ತಿ ನೋಡಿ. ಗಾಳಿ ಎಳೆಯುವ ಬದಿ, ಹೊಗೆ ಹೋಗುವ ಬಿಸಿ ಬದಿ, ಎರಡರ ಫ್ಯಾನೂ ನೋಡಿ.

ಒಳಗೆ ಹೊರಗೆ ಎಳೆದು ತಳ್ಳಿದಾಗ ಮಾತ್ರ ಪ್ಲೇ (ಸಡಿಲ) ಕೈಗೆ ಗೊತ್ತಾಗಲೇಬಾರದು. ಅಲ್ಲಿ ಇರಬೇಕಾದ ಜಾಗ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟೂ ಇರುವುದಿಲ್ಲ. 'ಟಿಕ್ ಟಿಕ್' ಅಂತ ಹಿಂದೆ ಮುಂದೆ ಆಡಿದರೆ ಥ್ರಸ್ಟ್ ಬೇರಿಂಗ್ ಸವೆದಿದೆ. ಅಲ್ಲೇ ಇಟ್ಟು ಬನ್ನಿ.

ನಾನು ಎಲ್ಲಕ್ಕಿಂತ ಹೆಚ್ಚು ನಂಬುವುದು ಕೆಳಗಿನ ಆಯಿಲ್ ವಾಪಸ್ ತೂತನ್ನು. ಹಳೇ ಟರ್ಬೊ ನೋಡುವವರು ಫ್ಯಾನ್ ತಿರುಗಿಸುತ್ತಾರೆಯೇ ಹೊರತು ಅದರೊಳಗೆ ಇಣುಕುವುದಿಲ್ಲ. ಟಾರ್ಚ್ ಹಾಕಿ ನೋಡಿ. ನಡುವೆ ಶಾಫ್ಟ್ ಕಾಣುತ್ತದೆ. ಉಕ್ಕಿನ ಬಣ್ಣದಲ್ಲೇ ಹೊಳೆಯುತ್ತಿದ್ದರೆ ಒಳ್ಳೆಯದು. ನೀಲಿಗಟ್ಟಿದ್ದರೆ ಆ ಟರ್ಬೊ ಎಂದೋ ಆಯಿಲ್ ಇಲ್ಲದೆ ಓಡಿದೆ, ಬಿಸಿಯಲ್ಲಿ ಶಾಫ್ಟ್ ಬೆಂದಿದೆ. ತೂತಿನ ಸುತ್ತ ಗಟ್ಟಿ ಕಪ್ಪು ಕಾರ್ಬನ್ ಕಟ್ಟಿದ್ದರೆ, ಆ ಗಾಡಿಯವರು ಆಯಿಲ್ ಬದಲಿಸುವುದನ್ನು ಮುಂದೂಡುತ್ತಾ ಹೋಗಿದ್ದಾರೆ, ಇಲ್ಲವೇ ಜೋರಾಗಿ ಓಡಿಸಿ ಬಂದು ತಕ್ಷಣ ಆಫ್ ಮಾಡಿದ್ದಾರೆ. ಹೊರಗಿನ ಹೌಸಿಂಗನ್ನು ಅಂಗಡಿಯವರು ಪೆಟ್ರೋಲ್ ಹಾಕಿ ತೊಳೆದು ಹೊಳಪು ಬರಿಸಬಹುದು. ಬೆಂದ ಶಾಫ್ಟಿನ ಬಣ್ಣ ಹೋಗುವುದಿಲ್ಲ.

ಗಾಳಿ ಎಳೆಯುವ ಬದಿಯ ಅಲ್ಯೂಮಿನಿಯಂ ಫ್ಯಾನ್ ಅಂಚುಗಳ ಮೇಲೆ ಬೆರಳಾಡಿಸಿ. ಇಲಿ ಕಡಿದ ಹಾಗಿದ್ದರೆ ಏನೋ ಒಳಗೆ ಹೋಗಿ ಬಡಿದಿದೆ. ಅಂಚು ಸವೆದು ಮೊಂಡಾಗಿದ್ದರೆ ಏರ್ ಫಿಲ್ಟರ್ ಸರಿಯಿಲ್ಲದೆ ಧೂಳು ಕುಡಿದಿದೆ. ನಟ್ಟಿನ ತುದಿಯಲ್ಲೋ ಫ್ಯಾನಿನ ನಡುವಿನ ದಪ್ಪ ಭಾಗದಲ್ಲೋ ಸ್ವಲ್ಪ ಕೆರೆದ ಗುರುತಿದ್ದರೆ ಮಾತ್ರ ಹೆದರಬೇಡಿ. ಅದು ಬ್ಯಾಲೆನ್ಸ್ ಮಾಡುವಾಗ ಲೋಹ ತೆಗೆದ ಜಾಗ. ಆ ಗುರುತು ನೋಡಿ ಒಳ್ಳೇ ಟರ್ಬೊ ಬಿಟ್ಟು ಬರುವವರೂ ಇದ್ದಾರೆ.

ಬಿಸಿ ಬದಿಯ ಬೀಡು ಕಬ್ಬಿಣದ ಹೌಸಿಂಗ್ ಮೇಲೆ ಬೆಳ್ಳಿ ಪೇಂಟ್ ಬಳಿದಿದ್ದರೆ ನಾನು ಮುಟ್ಟುವುದಿಲ್ಲ. ಬಿರುಕು ಅದರ ಕೆಳಗೇ ಅಡಗಿರುತ್ತದೆ. ಒಳಗೆ ವೇಸ್ಟ್‌ಗೇಟ್ (ಹೆಚ್ಚಾದ ಹೊಗೆಯನ್ನು ಪಕ್ಕಕ್ಕೆ ಬಿಡುವ ಬಾಗಿಲು) ಬಳಿ ಕೂದಲೆಳೆ ಬಿರುಕು ಹಳೇದರಲ್ಲಿ ಇರಬಹುದು, ನಡೆಯುತ್ತದೆ. ಹೊರಗೋಡೆಗೆ ದಾಟಿದ್ದು, ಮ್ಯಾನಿಫೋಲ್ಡ್‌ಗೆ ಕೂರುವ ಮುಖದಲ್ಲಿ ಬಂದದ್ದು ಬೇಡ.

ಕೊನೆಗೆ ಇನ್ನೊಂದು ವಿಷಯ. ಅಂಗಡಿಯವರು ಕಂಪ್ರೆಸರ್ ಗಾಳಿ ಹೊಡೆದು 'ನೋಡಿ ಸಾರ್, ಹೇಗೆ ಸೀಟಿ ಹೊಡೆಯುತ್ತೆ' ಅಂತ ತೋರಿಸಲು ಬಂದರೆ ತಡೆಯಿರಿ. ಆಯಿಲ್ ಇಲ್ಲದ ಬೇರಿಂಗ್ ಮೇಲೆ ಅಷ್ಟು ವೇಗದಲ್ಲಿ ತಿರುಗಿಸಿದರೆ ಚೆನ್ನಾಗಿದ್ದದ್ದೂ ಹಾಳಾಗುತ್ತದೆ.

ಹೈವೇ ಹುಡುಗ:

ಅಣ್ಣ, ವಾಪಸ್ ತೂತಿನ ವಿಷಯ ನನಗೆ ಗೊತ್ತೇ ಇರಲಿಲ್ಲ. ಥ್ಯಾಂಕ್ಸ್. ಗಾಳಿ ಬದಿಯಲ್ಲಿ ಆಯಿಲ್ ಜಿಡ್ಡು ಇದ್ದರೆ ಸೀಲ್ ಹೋಗಿದೆ ಅಂತಾನಾ?

ಶಿವಮೊಗ್ಗ ಡೀಸೆಲ್:

ಅಷ್ಟರಿಂದಲೇ ಹೇಳಲು ಆಗುವುದಿಲ್ಲ ತಮ್ಮ. ಎಂಜಿನ್ ಬ್ರೀದರ್ ಪೈಪಿನ ಆಯಿಲ್ ಆವಿಯೂ ಅದೇ ದಾರಿಯಲ್ಲಿ ಬರುತ್ತದೆ. ತೆಳ್ಳಗೆ ಜಿಡ್ಡು ಇರುವುದು ಮಾಮೂಲಿ. ಬಿಸಿ ಬದಿಯ ಫ್ಯಾನಿನ ಹಿಂದೆ ಹಸಿ ಆಯಿಲ್ ಇದ್ದರೆ ಅನುಮಾನಪಡಬೇಕು.

ಎರ್ಟಿಗಾ ಅಮ್ಮ:

ನಮ್ಮದು 90ರ ಎಂಜಿನ್ ಇರುವ ಎರ್ಟಿಗಾ, ಅಂದರೆ ವಿಜಿಟಿ. ಅದರಲ್ಲಿ ಬೇರೆ ಏನಾದರೂ ನೋಡಬೇಕಾ ಸಾರ್? ಈಗ ತೊಂದರೆ ಇಲ್ಲ, ತಿಳಿದಿರಲಿ ಅಂತ ಕೇಳಿದೆ.

ಶಿವಮೊಗ್ಗ ಡೀಸೆಲ್:

ಅಮ್ಮ, ವಿಜಿಟಿಯಲ್ಲಿ ಬಿಸಿ ಬದಿಯ ಫ್ಯಾನ್ ಸುತ್ತ ಚಿಕ್ಕ ರೆಕ್ಕೆಗಳಿವೆ. ಮಸಿ ಕಟ್ಟಿ ಅವು ಹಿಡಿದುಕೊಳ್ಳುವುದೇ ದೊಡ್ಡ ತೊಂದರೆ. ಆ ರೆಕ್ಕೆಗಳನ್ನು ಆಡಿಸುವ ಆಕ್ಚುಯೇಟರ್ ಕಡ್ಡಿ ಎಲ್ಲೂ ತಡೆಯದೆ ಪೂರ್ತಿ ದೂರ ಹೋಗಿ ಬರಬೇಕು. ವ್ಯಾಕ್ಯೂಮಿನದಾದರೆ ಕೈಪಂಪಿನಿಂದ ಎಳೆದು ಹಿಡಿದಾಗ ಕಡ್ಡಿ ಜಾರದೆ ಅಲ್ಲೇ ನಿಲ್ಲಬೇಕು. ಪಕ್ಕದ ಅಡ್ಜಸ್ಟ್ ಸ್ಕ್ರೂ ಸೀಲ್ ಒಡೆದಿದ್ದರೆ ಯಾರೋ ಕೈಯಾಡಿಸಿದ್ದಾರೆ ಅಂತ ಅರ್ಥ. ಸುಮ್ನೆ ಪೇಟೆಯ ಸಿಗ್ನಲ್‌ಗಳಲ್ಲೇ ಓಡಿದ ಗಾಡಿಯದು ಹೈವೇ ಗಾಡಿಯದಕ್ಕಿಂತ ಬೇಗ ಮಸಿ ಕಟ್ಟುತ್ತದೆ. ನನ್ನನ್ನು ಕೇಳಿದರೆ ವಿಜಿಟಿಯನ್ನು ಹಳೇದು ತರುವುದೇ ಬೇಡ. ಬ್ಯಾಲೆನ್ಸ್ ಮಾಡಿದ ಹೊಸ ಕೋರ್ ಹಾಕಿಸಿ, ರೆಕ್ಕೆಗಳನ್ನು ಕ್ಲೀನ್ ಮಾಡಿಸಿ.

ಕಾಫಿತೋಟ:

ಶಿವಮೊಗ್ಗ ಡೀಸೆಲ್ ಸಾರ್, ತುಂಬಾ ಉಪಕಾರ ಆಯಿತು. ನನ್ನ ಟರ್ಬೊ ತಗೊಂಡೇ ಹೋಗಿದ್ದೆ. ಮೊದಲ ಅಂಗಡಿಯಲ್ಲಿ ಪಾಲಿಶ್ ಮಾಡಿ ಇಟ್ಟಿದ್ದು ನೋಡಲು ಹೊಸದರ ಥರ ಇತ್ತು. ಟಾರ್ಚ್ ಹಾಕಿದರೆ ಶಾಫ್ಟ್ ನೀಲಿ. ಇನ್ನೊಂದು ಕಡೆ ಧೂಳು ಹಿಡಿದದ್ದು ಸಿಕ್ಕಿತು. ಶಾಫ್ಟ್ ಹೊಳೆಯುತ್ತಿತ್ತು, ಎಳೆದರೆ ಪ್ಲೇ ಇಲ್ಲ, ನಂಬರೂ ಒಂದೇ. ಹಾಕಿದ ಮೇಲೆ ತೊಂದರೆ ಬಂದರೆ ಬದಲಿಸಿ ಕೊಡುತ್ತೇವೆ ಅಂತ ಬಿಲ್ಲಿನ ಮೇಲೆ ಬರೆಸಿಕೊಂಡೆ. ನಾಳೆ ಹಾಕಿಸುತ್ತೇನೆ. ಮೆಕ್ಯಾನಿಕ್‌ಗೆ ಏನಾದರೂ ಹೇಳಬೇಕಾ?

ಶಿವಮೊಗ್ಗ ಡೀಸೆಲ್:

ಹೇಳಲೇಬೇಕು. ಹಳೇ ಟರ್ಬೊ ಯಾಕೆ ಹೋಯಿತು ಅಂತ ಮೊದಲು ಹುಡುಕಲಿ. ಇಲ್ಲದಿದ್ದರೆ ಇದೂ ಅದೇ ದಾರಿ ಹಿಡಿಯುತ್ತದೆ. ಆಯಿಲ್ ಫೀಡ್ ಪೈಪ್ ಹೊಸದೇ ಹಾಕಿಸಿ, ಹಳೇದನ್ನು ಊದಿ ಹಾಕುವುದು ಬೇಡ. ವಾಪಸ್ ಪೈಪ್ ಕಟ್ಟಿಲ್ಲ ಅಂತ ನೋಡಲಿ. ಸಂಪ್ (ಎಂಜಿನ್ ಕೆಳಗಿನ ಆಯಿಲ್ ತಟ್ಟೆ) ಇಳಿಸಿ, ಆಯಿಲ್ ಸೋಸುವ ಸ್ಟ್ರೈನರ್ ಮೇಲೆ ಜಿಡ್ಡು ಕಟ್ಟಿದೆಯಾ ನೋಡಲಿ. ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್ ಮೂರೂ ಹೊಸದು.

ಗಾಳಿ ಪೈಪುಗಳನ್ನು, ಇಂಟರ್‌ಕೂಲರ್ (ಆ ಗಾಳಿ ತಣಿಸುವ ಭಾಗ) ಇದ್ದರೆ ಅದನ್ನೂ, ತೊಳೆದು ಒಣಗಿಸಿಯೇ ಹಾಕಬೇಕು. ನಿಮ್ಮ ಫ್ಯಾನ್ ಉಜ್ಜಿದೆ ಅಂದಿರಿ, ಅದರ ಚೂರುಗಳು ಅಲ್ಲೇ ಇರಬಹುದು. ಉಳಿದ ಆಯಿಲ್ಲನ್ನು ಡೀಸೆಲ್ ಎಂಜಿನ್ ಎಳೆದುಕೊಂಡರೆ ಕೀ ಆಫ್ ಮಾಡಿದರೂ ನಿಲ್ಲದೆ ರೇಸ್ ಆಗುತ್ತಾ ಹೋಗುತ್ತದೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಆಯಿಲ್ ಪೈಪಿನ ಜಾಯಿಂಟಿಗೆ ಗ್ಯಾಸ್ಕೆಟ್ ಮಾತ್ರ, ಸಿಲಿಕೋನ್ ಪೇಸ್ಟ್ ಬೇಡ. ಅದು ಉದುರಿ ಆಯಿಲ್ ದಾರಿ ಮುಚ್ಚುತ್ತದೆ. ಕೂರಿಸುವ ಮೊದಲು ಫೀಡ್ ತೂತಿಗೆ ಆಯಿಲ್ ತುಂಬಿ ಕೈಯಲ್ಲಿ ತಿರುಗಿಸಲಿ. ಆಮೇಲೆ ಇಂಜೆಕ್ಟರ್ ಕನೆಕ್ಟರ್ ಬಿಚ್ಚಿ, ಆಯಿಲ್ ಪ್ರೆಶರ್ ಲೈಟ್ ಆರುವವರೆಗೆ ಬಿಟ್ಟು ಬಿಟ್ಟು ಸೆಲ್ಫ್ ಹೊಡೆಯಲಿ. ಸ್ಟಾರ್ಟ್ ಆದ ಮೇಲೆ ಕೆಲವು ನಿಮಿಷ ಆಕ್ಸಿಲರೇಟರ್ ಮುಟ್ಟದೆ ಐಡಲ್‌ನಲ್ಲಿ ಬಿಟ್ಟು, ಎಲ್ಲ ಜಾಯಿಂಟುಗಳಲ್ಲೂ ಲೀಕ್ ನೋಡಲಿ. ವೇಸ್ಟ್‌ಗೇಟ್ ಕಡ್ಡಿಯ ನಟ್ಟನ್ನು ಯಾರೂ ಮುಟ್ಟುವುದು ಬೇಡ.

ಹಾಕಿಸಿದ ಮೇಲೆ ಇಲ್ಲಿ ಒಂದು ಮಾತು ಬರೆಯಿರಿ. ಆಯಿಲ್ ಫೀಡ್ ಪೈಪಿನೊಳಗೆ ಏನು ಸಿಕ್ಕಿತು ಅಂತ ತಿಳಿದುಕೊಳ್ಳುವ ಆಸೆ ನನಗೆ.