ಬಾವಿ ತೋಡುವಾಗ ಸಿಕ್ಕ ಎಲುಬಿನಂಥ ಕಲ್ಲು: ಜುರಾಸಿಕ್ ಕಾಲದ್ದೇ?

ಕುಮಟಾ ಕಡೆಯವ:
ಎಂಟಡಿ ಕೆಳಗೆ, ಚಿರೆಕಲ್ಲಿನ (ಜಂಬಿಟ್ಟಿಗೆ) ನಡುವೆ ತೊಡೆಯೆಲುಬಿನ ಆಕಾರದ ಕಲ್ಲು ಸಿಕ್ಕಿದೆ. ಒಂದೂವರೆ ಅಡಿ ಉದ್ದ, ಒಳಗೆ ಪೊಳ್ಳು, ಮುರಿದ ಕಡೆ ತೂತು ತೂತು. ನಾಲಿಗೆಗೆ ತಾಗಿಸಿದರೆ ಅಂಟುತ್ತದೆ. ಅಂಟಿದರೆ ಎಲುಬು ಅಂತಾರಲ್ಲ, ಡೈನೊಸಾರ್ ಇರಬಹುದಾ?

ಶೇಡಿಮಣ್ಣು:
ನಾಲಿಗೆ ಪರೀಕ್ಷೆ ನಮ್ಮ ಕರಾವಳಿಯಲ್ಲಿ ನಡೆಯೋದಿಲ್ಲ ಮಾರಾಯ್ರೆ. ಚಿರೆಕಲ್ಲಿನೊಳಗಿನ ಶೇಡಿಯೂ (ಜೇಡಿಮಣ್ಣು) ನೀರು ಹೀರುತ್ತದೆ, ಅದೂ ಅಂಟುತ್ತದೆ. 10 ಪಟ್ಟಿನ ಮಸೂರದಲ್ಲಿ ಮುರಿದ ಮುಖ ನೋಡಿ. ಎಲುಬಾದರೆ ಹೊರಗೆ ಗಟ್ಟಿ ಪದರ, ಒಳಗೆ ಸಣ್ಣ ಜಾಲರಿ. ಚಿರೆಕಲ್ಲಾದರೆ ತೂತುಗಳು ಒಂದು ಕಿರುಬೆರಳಷ್ಟು, ಇನ್ನೊಂದು ಸೂಜಿಯಷ್ಟು. ಅಂಕುಡೊಂಕು, ಗೋಡೆಗೆ ಹಳದಿ ಮಣ್ಣು ಮೆತ್ತಿರುತ್ತದೆ. ಬೇರು ಹೋದ ಜಾಗದ ಸುತ್ತ ಕಬ್ಬಿಣ ಕಟ್ಟಿಕೊಂಡರೂ ಇಂಥ ಕೊಳವೆಯಾಗುತ್ತದೆ.

ಬಿಳಿ ಟೈಲ್ಸಿನ ಹಿಂಬದಿಗೂ ಉಜ್ಜಿ ನೋಡಿ, ಕಬ್ಬಿಣ ತುಂಬಿದ ಚಿರೆಕಲ್ಲಾದರೆ ಕೆಂಪು ಗೆರೆ ಬೀಳುತ್ತದೆ. ಮಂಗಳೂರು ಹೆಂಚು ಬೇಡ, ಅದೇ ಕೆಂಪು.

ಘಟ್ಟದ ಮೇಲಿನವ:
ಗೆರೆಯೊಂದನ್ನೇ ನಂಬಬೇಡಿ, ಕಬ್ಬಿಣ ಹೀರಿದ ನಿಜವಾದ ಎಲುಬೂ ಕೆಂಪು ಗೆರೆ ಬಿಡಬಹುದು. ಮಸೂರದ್ದೇ ಕೊನೆ ಮಾತು.

ಅದಕ್ಕಿಂತ ದೊಡ್ಡ ತೊಡಕು ವಯಸ್ಸಿನದು. ಜುರಾಸಿಕ್ ಅಂದರೆ 20 ಕೋಟಿಯಿಂದ 14.5 ಕೋಟಿ ವರ್ಷ ಹಿಂದೆ. ನಮ್ಮ ಜಿಲ್ಲೆಯ ತಳಬಂಡೆ ಹೆಚ್ಚಿನದು 250 ಕೋಟಿ ವರ್ಷಕ್ಕೂ ಹಳೆಯದು. ಯಾಣದ ಕಪ್ಪು ಸುಣ್ಣಕಲ್ಲೂ ಆ ಹಳೇ ಕಾಲದ್ದೇ. ಮೇಲಿನ ಚಿರೆಕಲ್ಲು ಬಹಳ ಈಚಿನದು, ಮಳೆನೀರಿನ ಹುಳಿಗೆ ಅದರಲ್ಲಿ ಎಲುಬು ಉಳಿಯುವುದೂ ಕಷ್ಟ.

ಬೇಕಾದ ಬಂಡೆ ಇರುವುದು ತೆಲಂಗಾಣ–ಮಹಾರಾಷ್ಟ್ರ ಗಡಿ ಕಡೆಯ ಪ್ರಾಣಹಿತಾ–ಗೋದಾವರಿ ಕಣಿವೆಯ ಕೋಟಾ ಶಿಲಾಸ್ತರದಲ್ಲಿ. ಅಲ್ಲಿನ ಬಾರಾಪಾಸಾರಸ್ ಟಾಗೋರಿ ಎಂಬ ಡೈನೊಸಾರಿನ ಎಲುಬುಗಳು ಕಲ್ಲಾದ ಮರದ ದಿಮ್ಮಿಗಳ ಜೊತೆ ಬೆರೆತು ಸಿಕ್ಕವು. ಮುನ್ನೂರು ಎಲುಬು ಸಿಕ್ಕರೂ ತಲೆಬುರುಡೆ ಇಲ್ಲ, ಬರೀ ಹಲ್ಲು. ಈ ಜಾತಿಯ ಉದ್ದಕತ್ತಿನ ಪ್ರಾಣಿಗಳಲ್ಲಿ ಬುರುಡೆ ತೆಳು, ಮೊದಲು ಕಳಚಿಹೋಗುವುದೇ ಅದು. ಹೆಸರಿಟ್ಟದ್ದು 1975ರಲ್ಲಿ, ಅಸ್ಥಿಪಂಜರ ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿದೆ. ಅದೇ ಸ್ತರದ ಕೋಟಾಸಾರಸ್ ನಮಗೆ ಹತ್ತಿರ, ಹೈದರಾಬಾದಿನ ಬಿರ್ಲಾ ವಿಜ್ಞಾನ ಕೇಂದ್ರದಲ್ಲಿ.

ಕುಮಟಾ ಕಡೆಯವ:
ಅಂಥ ದೊಡ್ಡ ಎಲುಬನ್ನು ಪುಡಿಯಾಗದ ಹಾಗೆ ತೆಗೆಯೋದು ಹೇಗೆ?

ಶೇಡಿಮಣ್ಣು:
ಎಲುಬನ್ನು ಒಂಟಿಯಾಗಿ ಕೀಳೋದೇ ಇಲ್ಲ, ಸುತ್ತಲ ಕಲ್ಲಿನ ಸಮೇತ ತೆಗೀತಾರೆ. ಸುತ್ತ ಅಗೆದು ಅಣಬೆಯ ಹಾಗೆ ಕಾಲಿನ ಮೇಲೆ ನಿಲ್ಲಿಸಬೇಕು. ಕಾಣುವ ಎಲುಬಿಗೆ ಒದ್ದೆ ಟಿಶ್ಯೂ ಕಾಗದ ಎರಡು-ಮೂರು ಪದರ. ಇದನ್ನು ಬಿಟ್ಟರೆ ಪ್ಲಾಸ್ಟರ್ ಬಿಚ್ಚುವಾಗ ಎಲುಬಿನ ಮೇಲ್ಮೈ ಕಿತ್ತುಬರುತ್ತದೆ. ಆಮೇಲೆ ಗೋಣಿಯ ಪಟ್ಟಿಗಳನ್ನು ಪ್ಲಾಸ್ಟರ್ ಆಫ್ ಪ್ಯಾರಿಸಿನಲ್ಲಿ ಅದ್ದಿ ಅಡ್ಡಡ್ಡ ಸುತ್ತುವುದು. ನೀರಿಗೆ ಪುಡಿ ಉದುರಿಸಬೇಕು, ಪುಡಿಗೆ ನೀರು ಹೊಯ್ದರೆ ಗಂಟಾಗುತ್ತದೆ. ದೋಸೆಹಿಟ್ಟಿನ ಹದ ಸಾಕು. ಅಂಚನ್ನು ಅಣಬೆಯ ಕೆಳಗಿನವರೆಗೂ ಮಡಚದಿದ್ದರೆ, ಮಗುಚುವಾಗ ಒಳಗಿನದೆಲ್ಲ ಉದುರಿಹೋಗುತ್ತದೆ.

ಕುಮಟಾ ಕಡೆಯವ:
ಮಸೂರದಲ್ಲಿ ನೋಡಿದೆ. ಜಾಲರಿ ಇಲ್ಲ, ತೂತುಗಳು ಸಣ್ಣವು ದೊಡ್ಡವು, ಒಳಗೆ ಹಳದಿ ಮಣ್ಣು. ಟೈಲ್ಸಿನ ಮೇಲೆ ಕಂದುಗೆಂಪು ಗೆರೆ.

ಘಟ್ಟದ ಮೇಲಿನವ:
ಚಿರೆಕಲ್ಲೇ. ಬಾವಿಕಟ್ಟೆಗೆ ಹಾಕಿ.